ಮುಚ್ಚಳದ ಮೇಲೆ ಬರೆದ ಹೆಸರು

ಗುರುವಾರ, ೧೯ನೇ ತಾರೀಕು

ಅಮ್ಮಾ,

ಎರಡು ಸಲ ಫೋನು ಕೈಗೆತ್ತಿಕೊಂಡು ಇಟ್ಟೆ. ಬಾಯಿಗೆ ಬಾರದ್ದು ಕಾಗದದಲ್ಲಾದರೂ ಬಂದೀತೆಂದು ಕೂತಿದ್ದೇನೆ.

ಅಪ್ಪನ ಕಾಲಿನ ನಂಜು ರಕ್ತಕ್ಕೇರಿದೆ, ಇನ್ನು ಕಾಲು ತೆಗೆದೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಬರೆದಿದ್ದೀಯ. ಅಪ್ಪನ ಗಾಯಕ್ಕೆ ಹಚ್ಚಿದ ಎಣ್ಣೆ ಇಳಿಸುವಾಗ ನಿನ್ನ ಕೈಯೇ ತಪ್ಪಿತೇ, ಎಲೆ ಎಳೆಯದಾಗಿತ್ತೇ ಎಂದೂ ಕೇಳಿದ್ದೀಯ.

ನಿನ್ನ ಎಣ್ಣೆಯಲ್ಲಿ ದೋಷವಿಲ್ಲ. ಕುಕ್ಕರಿಗೆ ಕೊಳವೆ ಸಿಕ್ಕಿಸಿ, ಆವಿ ಹಿಡಿದು ನೀನು ಇಳಿಸಿದ ದೊಡ್ಡಪತ್ರೆ ಎಣ್ಣೆಯನ್ನು ನಮ್ಮ ಲ್ಯಾಬಿನ ಯಂತ್ರ ಬಿಡಿಸಿ ನೋಡಿತು. ಅರ್ಧಕ್ಕಿಂತ ಹೆಚ್ಚು ಕಾರ್ವಕ್ರಾಲ್ ಇತ್ತು; ಸೂಕ್ಷ್ಮಜೀವಿಗಳನ್ನು ಕೊಲ್ಲುವ ಘಾಟು ಅದೇ. ನಮ್ಮ ಮೇಡಂ ಅಂಗಡಿ ಎಣ್ಣೆ ಬದಿಗಿಟ್ಟು ನಿನ್ನ ಸೀಸೆಯನ್ನೇ ಮತ್ತೆ ಮತ್ತೆ ಮೂಸಿದ್ದರು.

ತಪ್ಪಿದ್ದು ನನ್ನ ಕೈ. ಅಪ್ಪನ ಕಾಲ್ಬೆರಳ ಗಾಯದಿಂದ ಒರೆಸಿ ತಂದ ಸೂಕ್ಷ್ಮಜೀವಿಯನ್ನು ಮುಚ್ಚಳವಿರುವ ಒಂದು ಗಾಜಿನ ತಟ್ಟೆಯಲ್ಲಿ ಬೆಳೆಸಿದೆ. ಲ್ಯಾಬಿನಲ್ಲಿ ವರ್ಷಗಳಿಂದ ಸಾಕಿದ ಬಡಪಾಯಿ ಸೂಕ್ಷ್ಮಜೀವಿಯನ್ನು ಇನ್ನೊಂದರಲ್ಲಿ. ಎರಡರಲ್ಲೂ ನಿನ್ನ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟೆ. ಹೆಸರನ್ನು ತಟ್ಟೆಯ ತಳಕ್ಕೇ ಬರೆಯಬೇಕು, ಹೊಸಬರಿಗೆ ನಾನೇ ಕಲಿಸುವ ಮೊದಲ ಪಾಠ ಅದು. ಅಂದು ಅವಸರದಲ್ಲಿ ಮುಚ್ಚಳದ ಮೇಲೆ ಬರೆದೆ. ಮುಚ್ಚಳಗಳು ಅದಲುಬದಲಾದವು.

ಮಾರನೆಯ ದಿನ ‘ಅಪ್ಪ’ ಎಂದು ಬರೆದ ತಟ್ಟೆಯಲ್ಲಿ, ಬಿಲ್ಲೆಯ ಸುತ್ತ ಏನೂ ಬೆಳೆಯದೆ ಅಗಲವಾದ ಖಾಲಿ ವೃತ್ತವಿತ್ತು. ಕುಣಿದಾಡುತ್ತ ನಿನಗೆ ಫೋನು ಮಾಡಿದೆ. ನೀನು ಆಸ್ಪತ್ರೆಗೆ ಹೋಗಿ, ಎರಡು ಬೆರಳು ತೆಗೆಯುವ ಆಪರೇಷನ್ ಬೇಡವೆಂದು ಹೇಳಿ ಬಂದೆ, ಎಣ್ಣೆ ಹಚ್ಚತೊಡಗಿದೆ. ಸತ್ತದ್ದು ಬಡಪಾಯಿ, ಅಮ್ಮಾ. ಅಪ್ಪನ ಕಾಲಲ್ಲಿದ್ದದ್ದು ನಿನ್ನ ಎಣ್ಣೆಗೆ ಜಗ್ಗಿರಲೇ ಇಲ್ಲ.

ಮೈಕ್ರೋಸ್ಕೋಪಿಗೆ ಕಣ್ಣು ನೆಟ್ಟು ಕೂರುತ್ತೇನೆಂದು ಅಪ್ಪ ನನಗೆ ಗೂಬೆ ಎಂದು ಹೆಸರಿಟ್ಟರಲ್ಲ, ಆ ಗೂಬೆಗೆ ಕಣ್ಣೆದುರಿನದೇ ಕಾಣಲಿಲ್ಲ. ನಿನ್ನ ಕಾಗದ ಬಂದ ಮೇಲೆ ಸಂಶಯ ಹುಟ್ಟಿ, ತಳಕ್ಕೆ ಬರೆದು ಮತ್ತೆ ಪರೀಕ್ಷೆ ಮಾಡಿದೆ. ಅಪ್ಪನ ತಟ್ಟೆಯಲ್ಲಿ ವೃತ್ತ ಬರಲಿಲ್ಲ.

ನಿನ್ನ ಕೈಯನ್ನು ಶಪಿಸಿಕೊಳ್ಳಬೇಡ. ಬೈಯುವುದಿದ್ದರೆ ನನ್ನನ್ನು ಬೈ. ಶನಿವಾರ ಬರುತ್ತೇನೆ. ಅಪ್ಪ ಅಷ್ಟರವರೆಗೆ ಇರುತ್ತಾರೋ ಇಲ್ಲವೋ, ಕೇಳಲು ಧೈರ್ಯವಿಲ್ಲ.

ನಿನ್ನ
ಗೂಬೆ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಎರಡನೆಯ ಪರೀಕ್ಷೆ ಈಗ ಮಾಡಿದ್ದಲ್ಲ. ನೀನು ಆಪರೇಷನ್ ಬೇಡವೆಂದು ಬಂದ ವಾರದಲ್ಲೇ ಮಾಡಿದ್ದೆ. ಆಗಿನ್ನೂ ಎರಡು ಬೆರಳಿನಲ್ಲಿ ಮುಗಿಯುತ್ತಿತ್ತು. ಹೇಳಲೆಂದೇ ಫೋನು ಮಾಡಿದೆ, ಅಪ್ಪ ಎತ್ತಿಕೊಂಡರು. “ಗೂಬೆ, ನೀನು ಓದಿದ್ದು ಸಾರ್ಥಕ ಆಯ್ತು ಕಣೆ. ಹತ್ತು ಬೆರಳೂ ಉಳೀತು,” ಅಂದರು. ಊಟ ಆಯಿತೇ ಎಂದು ಕೇಳಿ ಫೋನು ಇಟ್ಟುಬಿಟ್ಟೆ.