ನಿಜಕ್ಕೂ ನೋವಾಗಲಿಲ್ಲ

ಮೊಹ್ಸಿನ್ ಭಾಯ್,

ನೀನು ತೀರಿಕೊಂಡ ನಾಲ್ಕು ವರ್ಷಕ್ಕೆ, ಇಂದು ಬೆಳಿಗ್ಗೆ, ಶಿವಾಜಿನಗರದ ಆಸ್ಪತ್ರೆಯಲ್ಲಿ ನನಗೆ ಮಗಳು ಹುಟ್ಟಿದಳು. ಅವಳ ಹೊಕ್ಕುಳಬಳ್ಳಿಯ ರಕ್ತವನ್ನು ನಮಗಾಗಿಯೇ ಖಾಸಗಿ ಬ್ಯಾಂಕಿನಲ್ಲಿ ಇಡಿಸಬೇಕೆಂದು ನನ್ನ ಗಂಡ ಅಜ್ಮತ್‌ಗೆ ಆಸೆಯಿತ್ತು.

"ಬೇಡ ರೀ, ದಾನದ ಬ್ಯಾಂಕಿಗೆ ಕೊಡೋಣ. ಭಾಯ್ ಥರ ಬ್ಲಡ್ ಕ್ಯಾನ್ಸರ್ ಆದವರು ಯಾರಾದ್ರೂ ಕಾಯ್ತಿರ್ತಾರೆ," ಎಂದೆ. ಅವರು ಸಹಿ ಹಾಕಿದರು.

"ಹೆದರ್ಬೇಡಿ, ನಿಮ್ಗೂ ಮಗೂಗೂ ನೋವಾಗಲ್ಲ," ಎಂದ ನರ್ಸ್, ಕತ್ತರಿಸಿದ ಬಳ್ಳಿಯಿಂದ ರಕ್ತವನ್ನು ಚೀಲಕ್ಕೆ ಇಳಿಸಿಕೊಂಡರು. ನಿಜಕ್ಕೂ ನೋವಾಗಲಿಲ್ಲ.

ನನ್ನ ಅಸ್ಥಿಮಜ್ಜೆ ನಿನಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಲು ಡಾಕ್ಟರು ಕರೆದ ದಿನ, ನಾನು ನೋವಿಗೆ ಹೆದರಿ ಆಸ್ಪತ್ರೆಯ ಮೆಟ್ಟಿಲಿನಿಂದಲೇ ಹಿಂದಿರುಗಿದ್ದೆ. ನೀನು ವಾರ್ಡಿನ ಕಿಟಕಿಯಿಂದ ನೋಡಿದ್ದೆ. ಆದರೂ ಮರುವಾರ ಅಮ್ಮಿಗೆ, "ಸುರಯ್ಯಾದು ಮ್ಯಾಚ್ ಆಗ್ಲಿಲ್ವಂತೆ," ಎಂದು ನೀನೇ ಹೇಳಿದೆ.

ಅಮ್ಮಿ ಇವತ್ತಿಗೂ ಹಾಗೆಂದೇ ನಂಬಿದ್ದಾರೆ.