ತೋಟಕ್ಕೆ ಕಳೆ

ಆಗಸ್ಟ್ 3, ಬೆಳಿಗ್ಗೆ 6.10

ಬರೆಯದೆ ಬಿಡುವವಳಿದ್ದೆ. ಬರೆದೇ ಬಿಡುತ್ತೇನೆ: ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು.

ಡೇಲಿಯಾಗೆ ನೀರು ಹಾಕಿ ಬಂದು ಕೂತಿದ್ದೇನೆ, ಉಗುರಲ್ಲಿನ್ನೂ ಮಣ್ಣು. ತೋಟ ಕೆಳಗಿನ ಮನೆಯದು, ನನ್ನದು. ಮೈದುನನ ಹೆಂಡತಿ ಮಹಡಿಯ ಕಿಟಕಿಯಿಂದ ನೋಡಿ ಬರೆಯುತ್ತಾಳೆ. ಪತ್ರಿಕೆಯಲ್ಲಿ ತಿಂಗಳಿಗೊಂದು ಅಂಕಣ, ‘ಹೂ ಕಲಿಸಿದ್ದು’. ಈ ಸಲದ್ದು — ಒಂದು ಹೂವು ದೊಡ್ಡದಾಗಬೇಕಾದರೆ ಪಕ್ಕದ ಮೊಗ್ಗುಗಳನ್ನು ಚಿವುಟಬೇಕು, ಬದುಕಿನಲ್ಲೂ ಹಾಗೆಯೇ. ಸರಿ. ಆದರೆ ಚಿವುಟಿದ್ದು ಯಾರು?

ಅತ್ತೆ ಎರಡು ಸಲ ಓದಿಸಿಕೊಂಡು ಕೇಳಿದರು. “ಎಷ್ಟು ಚೆಂದ ಬರೀತಾಳೆ ನೋಡು! ನೀನೂ ಏನಾದ್ರೂ ಬರಿಯೇ.”

“ನಾನು ಲ್ಯಾಬ್‌ನಲ್ಲಿ ರಕ್ತ ತೆಗಿಯೋಳು ಅತ್ತೆ. ನಂಗೇನು ಗೊತ್ತಾಗುತ್ತೆ?”

“ಚುಚ್ಚೋದು ಚೆನ್ನಾಗಿ ಗೊತ್ತಲ್ಲ.”

ನಕ್ಕೆ. ನಗು ಬಂದಿರಲಿಲ್ಲ.

ಆಗಸ್ಟ್ 11

ಅವಳ ತಾಯಿಗೆ ಸೊಂಟದ ಆಪರೇಷನ್. ಅವಸರದಲ್ಲಿ ಹೊರಟಳು. ಹೊಸ್ತಿಲಲ್ಲಿ ಒಂದು ಕವರ್ ಕೊಟ್ಟಳು, ಅಂಟಿಸಿರಲಿಲ್ಲ.

“ಅಕ್ಕಾ, ಮುಂದಿನ ಲೇಖನ. ಒಂದ್ಸಲ ಓದಿ ಪೋಸ್ಟ್ ಮಾಡ್ಬಿಡಿ. ಹದಿನೆಂಟರೊಳಗೆ ಸೇರ್ಬೇಕು. ಆ ಸಂಪಾದಕರು ಈಮೇಲ್ ಮುಟ್ಟಲ್ಲ, ತಡ ಆದ್ರೆ ಕ್ಷಮಿಸೋದೂ ಇಲ್ಲ.”

ಆಗಸ್ಟ್ 12, ಮಧ್ಯಾಹ್ನ

ಓದಿದೆ. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುವವಳು ನಾನು — ಕಾನ್ವೆಂಟ್ ಕೃಪೆ. ಈ ಸಲ ವಿಷಯ ಹೂವಲ್ಲ, ಹೂವಿನ ನಡುವೆ ಹುಟ್ಟುವ ಕಳೆ. ಕಿತ್ತಷ್ಟೂ ಬರುತ್ತದೆ, ತಾಳ್ಮೆ ಕಲಿಸುತ್ತದೆ, ಇತ್ಯಾದಿ. ಕೊನೆಯ ಸಾಲು: “ನಿಜ ಹೇಳಬೇಕೆಂದರೆ, ಈ ತೋಟಕ್ಕೆ ನನ್ನ ಅಕ್ಕನೇ ಕಳೆ.”

ಮೂರು ಸಲ ಓದಿದೆ.

ಕಳೆ! ಹನ್ನೊಂದು ವರ್ಷ ಮೊಣಕಾಲೂರಿ ಅದನ್ನು ಕಿತ್ತವಳು ನಾನು. ಅಚ್ಚಿನಲ್ಲಿ, ಅಷ್ಟು ಜನರ ಮುಂದೆ…

ಕವರನ್ನು ಬೀಜದ ಪೊಟ್ಟಣಗಳ ಡ್ರಾಯರಿಗೆ ಹಾಕಿದೆ. ಹರಿಯಲಿಲ್ಲ. ಹರಿಯದಿರುವುದೇ ದೊಡ್ಡತನ ಅನಿಸಿತು.

ಆಗಸ್ಟ್ 16

ಫೋನ್. “ಅಕ್ಕಾ, ಹಾಕಿದ್ರಾ?”

“ಹಾಕ್ದೆ.”

“ಕೊನೇ ಸಾಲು ನೋಡಿದ್ರಾ?” ದನಿಯಲ್ಲಿ ನಗು.

“ನೋಡ್ದೆ.”

“ಮತ್ತೆ? ಏನೂ ಹೇಳ್ಲೇ ಇಲ್ಲ!”

“ಕೆಲಸ ಇದೆ,” ಎಂದು ಇಟ್ಟುಬಿಟ್ಟೆ. ಎಷ್ಟು ಧೈರ್ಯ ಅವಳಿಗೆ.

ಆಗಸ್ಟ್ 24

ಸಂಪಾದಕರ ಫೋನ್, ಮನೆಯ ನಂಬರಿಗೆ. ಲೇಖನ ತಲುಪಿಲ್ಲ. ಮುಂದಿನ ತಿಂಗಳಿನಿಂದ ಆ ಪುಟ ಒಬ್ಬ ನಿವೃತ್ತ ಮೇಷ್ಟರಿಗೆ. “ಆಕೆಗೆ ನೀವೇ ತಿಳಿಸ್ಬಿಡಿ.”

ಖುಷಿಯಾಗಬೇಕಿತ್ತು. ಆಯಿತು ಕೂಡ — ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು.

ಊಟಕ್ಕೆ ಕೂತಾಗ ಅತ್ತೆ ಮಹಡಿಯ ಮೆಟ್ಟಿಲ ಕಡೆ ನೋಡಿದರು. “ಅವಳಿಲ್ದೆ ಮನೆಗೆ ಕಳೆನೇ ಇಲ್ಲ ಕಣೇ.”

ತುತ್ತು ಕೈಯಲ್ಲೇ ನಿಂತಿತು.

ಈ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮುಖದಲ್ಲಿ ಕಳೆ ಇದೆ. ಮನೆ ಕಳೆಗಟ್ಟಿದೆ. ಕಿವಿಗೆ ಗೊತ್ತಿತ್ತು, ಓದುವ ಕಣ್ಣಿಗೆ ಗೊತ್ತಿರಲಿಲ್ಲ. ಕಾನ್ವೆಂಟಿನ ತಪ್ಪೇ? ಅಲ್ಲವೇನೋ. ಎರಡು ಅರ್ಥಗಳಿದ್ದವು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಅನುಕೂಲವಾದದ್ದನ್ನು ಆರಿಸಿಕೊಂಡೆ.

ಆಗಸ್ಟ್ 25, ಸಂಜೆ 5

ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಕೀಳೋ ಕಳೆ ಅನ್ಕೊಂಡ್ರಾ? ಅಯ್ಯೋ ಅಕ್ಕಾ!” ನಕ್ಕಳು. ಆಮೇಲೆ ನಗು ನಿಂತಿತು. “ಹಾಕ್ದೆ ಅಂದ್ರಲ್ಲ ನೀವು.”

“ಸುಳ್ಳು ಹೇಳ್ದೆ.”

“ಒಂದ್ಮಾತು ಕೇಳ್ಬಹುದಿತ್ತು.” ಹಿಂದೆ ಆಸ್ಪತ್ರೆಯ ಟ್ರಾಲಿಯ ಸದ್ದು. “ನಂದು ಅಂತ ಇದ್ದಿದ್ದು ಅದೊಂದೇ ಅಕ್ಕಾ.”

ನನಗೆ ಕೆಲಸ, ಕೆಳಗಿನ ಮನೆ, ತೋಟ. ಅವಳಿಗೆ ತಿಂಗಳಿಗೊಂದು ಪುಟ. ಅದೂ ನನ್ನ ಗಿಡಗಳಿಂದ ಕದ್ದದ್ದು ಎಂದುಕೊಂಡು ಓಡಾಡುತ್ತಿದ್ದೆ. ಕಿಟಕಿಯಿಂದ ನೋಡಿದರೆ ಹೂವು ಕಡಿಮೆಯಾಗುತ್ತದೆಯೇ?

ಆಗಸ್ಟ್ 28

ಸಂಪಾದಕರಿಗೆ ಪತ್ರ. ಮೊದಲ ಸಲ ತಪ್ಪನ್ನು ಅಂಚೆಯವರ ಮೇಲೆ ಹಾಕಿದ್ದೆ — ಹರಿದೆ. ಎರಡನೆಯದರಲ್ಲಿ ‘ಕಾರಣಾಂತರಗಳಿಂದ’. ಅದನ್ನೂ ಹರಿದೆ. ಮೂರನೆಯದು ನಾಲ್ಕೇ ಸಾಲು. ಲೇಖನ ತಡೆದದ್ದು ನಾನು. ಹೊಟ್ಟೆಕಿಚ್ಚಿನಿಂದ. ಆಕೆಯದೇನೂ ತಪ್ಪಿಲ್ಲ. ಪುಟ ಆಕೆಗೇ ಕೊಡಿ.

ಜೊತೆಗೆ ಅವಳ ಲೇಖನ. ಆ ಕೊನೆಯ ಸಾಲಿಗೆ ನಾನು ತಕ್ಕವಳಲ್ಲವೆಂದು ಹೊಡೆದುಹಾಕಲು ಪೆನ್ನು ತೆರೆದೆ. ಆದರೆ ಅವಳು ಬರೆದದ್ದಕ್ಕೆ ಮತ್ತೆ ಕೈ ಹಾಕಲು ನಾನು ಯಾರು? ಅಥವಾ ಅದು ಅಚ್ಚಾಗಲಿ ಎಂಬ ಆಸೆಯೋ… ಇರಬಹುದು. ಹಾಗೇ ಬಿಟ್ಟೆ.

ಪುಟ ವಾಪಸ್ ಸಿಗುತ್ತದೋ ಇಲ್ಲವೋ. ಅತ್ತೆಗಿನ್ನೂ ಹೇಳಿಲ್ಲ. ಭಾನುವಾರ ಅವಳು ಬರುತ್ತಾಳೆ.

ಕವರ್ ಅಂಟಿಸಿದೆ. ‘ನಾಳೆ ಹಾಕುತ್ತೇನೆ’ ಎಂದು ಬರೆದರೆ ಜಾರಿಕೊಳ್ಳುತ್ತೇನೆ, ನನ್ನ ನಾಳೆಗಳು ನನಗೆ ಗೊತ್ತು. ದಿನಾಂಕವೇ ಇರಲಿ — ಆಗಸ್ಟ್ 29, ಬೆಳಿಗ್ಗೆ, ಲ್ಯಾಬಿಗೆ ಹೋಗುವ ದಾರಿಯ ಅಂಚೆಪೆಟ್ಟಿಗೆಗೆ.