ಮಂಚದ ಕೆಳಗಿನ ಜಾಗ

ದಾವಣಗೆರೆ
18-9-1961, ಸೋಮವಾರ

ಅಕ್ಕ ಬಸವಣ್ಣೆಮ್ಮನಿಗೆ ತಂಗಿ ಕಸ್ತೂರಿಯ ಶರಣು.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ದಿನಾ ನನ್ನ ಪುಸ್ತಕದಲ್ಲಿ ಎರಡು ಸಾಲು ಬರೆದುಕೊಳ್ಳುತ್ತೇನೆ, ಅಷ್ಟಕ್ಕೇ ಕೈ ಸೋತುಹೋಗುತ್ತದೆ. ಮಗ ಹಾಲೇಶ ತೀರಿಹೋಗಿ ಹತ್ತು ತಿಂಗಳು. ಇವರು ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ, ಉಣ್ಣುತ್ತಾರೆ. ಮಾತಿಲ್ಲ. ಹರಿಹರದಲ್ಲಿ ಹೊಳೆ ಇಳಿಯಿತೇ? ನಿನ್ನ ಮೊಣಕಾಲು ಹೇಗಿದೆ?

ಒಂದು ಸಂಗತಿ ಮನಸ್ಸನ್ನು ಕೊರೆಯುತ್ತಿದೆ. ಸೊಸೆ ಮುರಿಗೆಮ್ಮ ದಸರೆಗೆ ಗೊಂಬೆ ಕೂರಿಸಲು ಬಡಗಿ ಹಯಾತ್ ಸಾಬರ ಹತ್ತಿರ ಮರದ ಮೆಟ್ಟಿಲು ಮಾಡಿಸುತ್ತಿದ್ದಾಳೆ. ಅದೂ ಮಡಚುವ ಮೆಟ್ಟಿಲು. ನಮ್ಮ ಮನೆಗೆ ಗೊಂಬೆ ಹಬ್ಬ ತಂದವಳೇ ಅವಳು. ಅವಳಪ್ಪ ಮೈಸೂರಿನಲ್ಲಿ ನೌಕರಿಯಲ್ಲಿದ್ದವರಲ್ಲವೇ, ಮದುವೆಯಲ್ಲಿ ರಾಜ ರಾಣಿಯರ ಪಟ್ಟದ ಗೊಂಬೆ ಕೊಟ್ಟು ಕಳಿಸಿದ್ದರು. ಮೂರು ವರ್ಷವೂ ಮೆಟ್ಟಿಲು ಕಟ್ಟಿದವನು ಹಾಲೇಶ. ಮುಂದೆ ಕಾಳಿನ ಡಬ್ಬಿಗಳು, ಹಿಂದೆ ನನ್ನ ಪೆಟ್ಟಿಗೆ, ಎಲ್ಲಕ್ಕೂ ಮೇಲೆ ಅವಳ ತವರಿನ ಹಸಿರು ಟ್ರಂಕು. ಬಿಳಿ ಪಂಚೆ ಹಾಸಿಬಿಟ್ಟರೆ ಒಳಗೆ ಏನಿದೆಯೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈಗ ಮರದ್ದು ಯಾಕೆಂದು ಕೇಳಿದೆ. "ಟ್ರಂಕು ಎತ್ತಿಡೋರು ಯಾರದಾರೆ ಅತ್ತೆಮ್ಮ?" ಅಂದಳು. ಅದು ನಿಜವೇ. ಆದರೆ ಮಡಚುವುದು ಯಾಕೆ? ಪಕ್ಕದ ಮನೆ ನಾಗಕ್ಕ ನಕ್ಕುಬಿಟ್ಟಳು. "ಇರೋರು ಗೋಡಿಗೆ ಹಲಗಿ ಬಡಿಸ್ತಾರೆ ಕಸ್ತೂರಕ್ಕ. ಮಡಚೋದು ಹೊಂಟೋರ ಸಾಮಾನು."

ನಾಗಕ್ಕನ ಬಾಯಿ ನಿನಗೂ ಗೊತ್ತು. ಆದರೂ ಆ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಮುರಿಗೆಮ್ಮನಿಗಿನ್ನೂ ಇಪ್ಪತ್ತಮೂರು. ಮಕ್ಕಳಿಲ್ಲ. ಹೋಗುತ್ತೇನೆ ಅಂದರೆ ತಡೆಯುವುದಕ್ಕೆ ನಾನು ಯಾರು? ಆದರೆ ಅಕ್ಕ, ಹಾಲೇಶ ಚಪ್ಪಲಿ ಬಿಡುವ ಸದ್ದು ಹೇಗಿತ್ತು ಅಂತ ಈ ಮನೆಯಲ್ಲಿ ನನ್ನೊಂದಿಗೆ ನೆನೆಯುವವಳು ಅವಳೊಬ್ಬಳೇ.

ನಿನ್ನ
ಕಸ್ತೂರಿ


ದಾವಣಗೆರೆ
1-10-1961, ಭಾನುವಾರ

ಅಕ್ಕನಿಗೆ ಶರಣು.

ನೀನು ಕಳಿಸಿದ ಮೆಣಸಿನಕಾಯಿ ತಲುಪಿತು. ಒಣಗಿಸಿದ್ದೇನೆ.

ಮುರಿಗೆಮ್ಮನ ಟ್ರಂಕು ಇಲ್ಲ. ನನ್ನ ಮಂಚದ ಕೆಳಗೆ ಇರುತ್ತಿತ್ತು. ಕಸ ಗುಡಿಸಲು ಬಗ್ಗಿದರೆ ನಾಲ್ಕು ಇಟ್ಟಿಗೆ ಮಾತ್ರ. ಕೇಳಿದರೆ, "ಬಣ್ಣ ಹೊಡಿಯಾಕೆ ಕೊಟ್ಟೀನಿ" ಅಂದಳು, ನನ್ನ ಮುಖ ನೋಡದೆ. ಅವಳ ಹೊಲಿಗೆ ಡಬ್ಬಿಯಲ್ಲಿ ಎರಡು ಗಂಟು ಹಾಕಿದ ದಾರ ಸಿಕ್ಕಿತು. ಗಂಟಿನಿಂದ ಗಂಟಿಗೆ ಮೂರು ಅಡಿಯೂ ಇಲ್ಲ. ಅವಳು ನೀರಿಗೆ ಹೋದಾಗ ಪಡಸಾಲೆ ಗೋಡೆಗೆ ಹಿಡಿದೆ, ಬಾಗಿಲಿಗೆ ಹಿಡಿದೆ, ದೇವರ ಗೂಡಿಗೆ ಹಿಡಿದೆ. ಎಲ್ಲಿಗೂ ಹೊಂದಲಿಲ್ಲ. ನಮ್ಮ ಮನೆಯ ಅಳತೆಯಲ್ಲ ಅದು. ಅವಳ ತವರೂರು ಬಾತಿಯಲ್ಲಿ ಅವಳಪ್ಪ ಹೊಸದಾಗಿ ಹಾಕಿಸಿದ ಕೋಣೆಯದೇ ಇರಬೇಕು.

ಹಯಾತ್ ಸಾಬರ ಅಂಗಡಿಗೇ ಹೋದೆ.

"ಯಾವ ಮನಿ ಅಳತಿಗೆ ಮಾಡ್ತಿದೀರಿ ಸಾಬ್ರೇ?"

"ನಿಮ್ಮದೇ ಅಮ್ಮಾರೆ."

"ನಮ್ಮ ಗೋಡಿ ಒಂಬತ್ತು ಅಡಿ ಐತೆ. ಇದು ಮೂರೂ ಇಲ್ಲ."

"ಬಿಚ್ಚಿದ ಮ್ಯಾಲೆ ನೋಡ್ರಿ. ಮಡಚಿದ್ದು ನೋಡಿ ಸಣ್ದು ಅಂದ್ರೆ, ಬಾಳಿ ಮೊಗ್ಗು ನೋಡಿ ಗೊನಿ ಎಲ್ಲಿ ಅಂದಂಗೆ."

ನಗಿಸಿ ಕಳಿಸಿದರು. ಮನೆಗೆ ಬಂದ ಮೇಲೆ ಹೊಳೆಯಿತು, ನಮ್ಮದೇ ಅಂದರು, ಯಾವ ಜಾಗದ ಅಳತೆ ಅಂತ ಹೇಳಲೇ ಇಲ್ಲ.

ಇನ್ನೊಂದು. ಎರಡು ಗುರುವಾರ ಬಾತಿಗೆ ಹೋಗಿ ಬರುತ್ತೇನೆಂದು ಹೋದಳು. ನಾಗಕ್ಕನ ಗಂಡನಿಗೆ ರೈಲು ಸ್ಟೇಷನ್ನಿನಲ್ಲಿ ಕಂಡಳಂತೆ, ಹರಿಹರದ ಗಾಡಿ ಹತ್ತುತ್ತಿದ್ದಳಂತೆ. ನಿನ್ನ ಮನೆ ಕಡೆ ಬಂದಿದ್ದಳೇ? ಮರೆಯದೆ ಬರೆ.

ಕಸ್ತೂರಿ


ದಾವಣಗೆರೆ
8-10-1961, ಭಾನುವಾರ

ಅಕ್ಕ,

ನಿನ್ನ ಉತ್ತರ ಬಂತು. ಹೊಳೆಯ ಸುದ್ದಿ ಬರೆದೆ, ಮೊಣಕಾಲಿಗೆ ಹಚ್ಚಿದ ಎಣ್ಣೆಯ ಸುದ್ದಿ ಬರೆದೆ. ಸ್ಟೇಷನ್ನಿನ ಮಾತಿಗೆ ಮಾತ್ರ ಒಂದಕ್ಷರವಿಲ್ಲ. ಚಿಕ್ಕಂದಿನಿಂದಲೂ ನೀನು ಸುಳ್ಳು ಹೇಳಿದವಳಲ್ಲ, ಸುಮ್ಮನಾಗುವವಳು. ಆಗಲೇ ನನಗೆ ತಿಳಿಯಬೇಕಿತ್ತು.

ಶುಕ್ರವಾರ ಮುರಿಗೆಮ್ಮ ಬಾತಿಗೆಂದು ಹೊರಟಳು. ಅವಳು ತಿರುವು ದಾಟುವವರೆಗೂ ನೋಡಿ, ಒಳಗೆ ಬಂದು ಗೊಂಬೆ ಪೆಟ್ಟಿಗೆ ತೆಗೆದೆ. ಪಟ್ಟದ ಗೊಂಬೆ ಇರುವುದಿಲ್ಲ ಅಂತ ಗಟ್ಟಿ ನಂಬಿದ್ದೆ. ಇದ್ದವು. ಅವಳ ಮದುವೆಯ ರವಿಕೆ ಬಟ್ಟೆಯಲ್ಲಿ ಸುತ್ತಿ, ಎಲ್ಲದರ ಮೇಲೆ, ನನ್ನ ಕೈಗೆ ಮೊದಲು ಸಿಗುವಂತೆ ಇಟ್ಟಿದ್ದಳು.

ನಿನ್ನೆ ಹಯಾತ್ ಸಾಬರು ಮೆಟ್ಟಿಲು ತಂದರು. ಇವರನ್ನೂ ಅಂಗಡಿಯಿಂದ ಕರೆಸಿದೆ. ಸಾಬರು ಇವರಿಗೆ ಒಂದು ಬದಿ ಹಿಡಿಯಲು ಹೇಳಿ, ಇನ್ನೊಂದನ್ನು ತಾವು ಎಳೆದರು. ಕೀಲುಗಳು ತಿರುಗಿ ಏಳು ಹಲಗೆ ಏಳು ಮೆಟ್ಟಿಲಾಗಿ ನಿಂತವು. "ಒಬ್ರ ಕೈಲಿ ಆಗಂಗಿಲ್ಲ ನೋಡ್ರಿ, ಇಬ್ರು ಬೇಕು" ಅಂದರು. ಮಡಚಿ, "ಎಲ್ಲೈತೆ ಜಾಗ?" ಅಂತ ಕೇಳಿದರು.

"ಯಾವ ಜಾಗ?"

"ಮಂಚದ ಕೆಳಗಂತೆ. ನಿಮ್ಮ ಸೊಸೆಯವರೇ ದಾರ ಹಿಡಿದು ಅಳತಿ ಕೊಟ್ಟಾರೆ. ಟ್ರಂಕು ಒಯ್ದ ಮ್ಯಾಲೆ ಅತ್ತೆಮ್ಮ ಯಾತರ ಮ್ಯಾಲೆ ಗೊಂಬಿ ಕೂಡ್ರಿಸ್ತಾರೆ, ಹಗುರ ಮಾಡಿಕೊಡ್ರಿ, ಅವರ ಸೊಂಟ ಸರಿಯಿಲ್ಲ ಅಂದ್ರು. ಹರಿಹರದಾಗ ಶಿಶುವಿಹಾರದ ಕೆಲಸ ಸಿಕ್ತಲ್ಲ. ಯಾಕ್ರಿ, ನಿಮಗೆ ಹೇಳಿಲ್ಲೇನು?"

ಇವರು ಬಗ್ಗಿ ಮೆಟ್ಟಿಲನ್ನು ತಳ್ಳಿದರು. ಟ್ರಂಕು ಇದ್ದ ಜಾಗದಲ್ಲಿ, ಅದೇ ಇಟ್ಟಿಗೆಗಳ ಮೇಲೆ, ಬೆರಳು ತೂರದಷ್ಟು ಸರಿಯಾಗಿ ಕೂತಿತು. ಮನೆಯೆಲ್ಲ ಅಳೆದ ನಾನು ಅಲ್ಲೊಂದು ಕಡೆ ದಾರ ಹಿಡಿದಿರಲಿಲ್ಲ. ಇವರು ಎದ್ದು, ಹತ್ತು ತಿಂಗಳಲ್ಲಿ ಮೊದಲ ಸಲ, ತಾವಾಗಿ ಮಾತಾಡಿದರು. "ಹುಡುಗಿ ಹೇಳದೆ ಹೋದ್ಲು ಅಂದ್ರೆ, ಹೇಳಾಕೆ ಹೆದರಿರಬೇಕು. ನನಗಲ್ಲ."

ಟ್ರಂಕು ನಿನ್ನ ಮನೆಯಲ್ಲಿದೆ. ಅವಳೂ ಅಲ್ಲೇ ಇದ್ದಾಳೆ. ನಿನ್ನ ಮೇಲೆ ಕೋಪವಿತ್ತು, ಈಗಿಲ್ಲ. ಅವಳು ಬಂದು ಬಾಗಿಲು ತಟ್ಟಿದರೆ ನೀನು ಇನ್ನೇನು ಮಾಡುತ್ತಿದ್ದೆ?

ಕೆಲಸ ಬಿಡು ಅನ್ನುವುದಿಲ್ಲ. ಅಲ್ಲೇ ಇರಲಿ, ಇಲ್ಲವೇ ದಿನಾ ಗಾಡಿಯಲ್ಲಿ ಹೋಗಿ ಬರಲಿ, ಅವಳ ಇಷ್ಟ. ಆದರೆ ನಾಡಿದ್ದು ಪಾಡ್ಯ. ಬೆಳಗಿನ ಗಾಡಿಗೆ ಅವಳನ್ನು ಕಳಿಸು. ಮೆಟ್ಟಿಲು ಬಿಚ್ಚಲು ಇಬ್ಬರು ಬೇಕು. ಇವರು ಹಿಡಿಯುತ್ತೇನೆ ಅನ್ನುತ್ತಾರೆ, ನಾನೇ ಬೇಡ ಅಂದಿದ್ದೇನೆ. ಅವಳು ಬರದಿದ್ದರೆ ಅದು ಮಂಚದ ಕೆಳಗೇ ಇರುತ್ತದೆ.

ಅಂಚೆಗೆ ಹಾಕಿದರೆ ತಡವಾದೀತೆಂದು ಈ ಕಾಗದವನ್ನು ನಾಳೆ ಹರಿಹರಕ್ಕೆ ಬರುವ ಹಯಾತ್ ಸಾಬರ ಕೈಯಲ್ಲೇ ಕೊಡುತ್ತಿದ್ದೇನೆ. ನಿನಗೆ ನನ್ನ ಶರಣು. ಮುರಿಗೆಮ್ಮನ ತಲೆಯ ಮೇಲೆ ನನ್ನ ಕೈ ಇದೆಯೆಂದು ಹೇಳು. ಅವಳು ಚೆನ್ನಾಗಿರಲಿ.

ಕಸ್ತೂರಿ

ಇನ್ನೊಂದು ಮಾತು: ಅವಳು ನಿನಗೆ ಇದನ್ನು ಹೇಳಿರಲಾರಳು. ಗೌರಿ ಹಬ್ಬದ ಹಿಂದಿನ ದಿನ ಧೂಳು ಒರೆಸಲು ಗೊಂಬೆ ಪೆಟ್ಟಿಗೆ ಇಳಿಸಿದ್ದಳು. ರಾಣಿ ಗೊಂಬೆ ಅವಳ ಕೈಯಲ್ಲಿತ್ತು. ನಾನು, "ಗಂಡ ಹೆಂಡ್ತಿ ಜೋಡಿ ಅದು. ಇನ್ಮ್ಯಾಲೆ ನೀನು ಮುಟ್ಟಬ್ಯಾಡ" ಅಂದೆ. ಅವಳ ತವರಿನವರು ಕೊಟ್ಟ ಗೊಂಬೆ. ಅವಳು ಮೆಲ್ಲಗೆ ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಇದನ್ನು ಯಾರಿಗೂ ಹೇಳಿಲ್ಲ. ನನ್ನ ಪುಸ್ತಕದಲ್ಲಿ ಆ ದಿನದ ಪುಟ ತೆಗೆದು ಈಗ ನೋಡಿದೆ. "ಮಳೆ ಇಲ್ಲ. ಮುರಿಗೆಮ್ಮ ಊಟ ಮಾಡಲಿಲ್ಲ, ಯಾಕೋ ತಿಳಿಯದು" ಅಂತ ಬರೆದಿದ್ದೇನೆ.